ಕುಂಬ್ರದ ಸುಂದರಿಯ ಬ್ರೇಕು

ಮರ್ಕಂಜದ ಕುಕ್ಕಪ್ಪ ಗೌಡರು ತಮ್ಮ ಹಳೇ ಫಿಯೆಟ್ ಕಾರನ್ನು ಕುಂಬ್ರದವರೆಗೆ ತಂದದ್ದು ಬ್ರೇಕನ್ನು ನಂಬಿ ಅಲ್ಲ, ಗೇರನ್ನು ನಂಬಿ. ಇಳಿಜಾರು ಬಂದಲ್ಲಿ ಎರಡನೇ ಗೇರು, ತಿರುವು ಬಂದಲ್ಲಿ ಒಂದನೇ ಗೇರು, ಎದುರಿಗೆ ದನ ಬಂದರೆ ಹಾರ್ನು. ಸುಂದರಿಯ ಬ್ರೇಕ್ ಅಂಗಡಿಯ ಮುಂದೆ ಕಾರು ನಿಂತದ್ದು ಕೂಡ ಮುಂದಿನ ಚಕ್ರ ಹಲಸಿನ ಮರದ ಬೇರಿಗೆ ತಾಗಿದ ಮೇಲೆಯೇ.

“ಬ್ರೇಕ್ ಉಂಟಾ ಗೌಡ್ರೆ?” ಅಂಗಡಿಯ ಕುರ್ಚಿಯಲ್ಲಿ ಕುಳಿತಿದ್ದ ಸುಂದರಿಯ ಗಂಡ ಅಚ್ಚುತ ಕೇಳಿದ.

“ಉಂಟು ಮಾರಾಯ. ನಾಲ್ಕು ಸಲ ತುಳಿದ್ರೆ ಒಂದು ಸಲ ಉಂಟು.”

ಗೌಡರಿಗೆ ಎಪ್ಪತ್ತನಾಲ್ಕು ವರ್ಷ. ಕಾರು ಎಪ್ಪತ್ತನಾಲ್ಕನೇ ಇಸವಿಯದ್ದು. ಹೆಸರು ಪ್ರೀಮಿಯರ್ ಪದ್ಮಿನಿ ಆದರೂ ಊರಿನವರ ಬಾಯಲ್ಲಿ ಅದು ಇವತ್ತಿಗೂ ಫಿಯೆಟ್. ಹಿಂದಿನಿಂದಲೇ ಹೊಸ ಕಾರಿನಲ್ಲಿ ಬಂದು ಇಳಿದವನು ಗೌಡರ ಮಗ ಉದಯ. ಸುಳ್ಯದಲ್ಲಿ ಅವನ ಹಾರ್ಡ್‌ವೇರ್ ಅಂಗಡಿ ಇದೆ. ಅಪ್ಪ ಎಲ್ಲಾದರೂ ಚರಂಡಿಗೆ ಬಿದ್ದರೆ ಎತ್ತಲು ಆಗಲಿ ಎಂದು ದಾರಿಯುದ್ದಕ್ಕೂ ಹಿಂದೆಯೇ ಬಂದಿದ್ದ.

“ಇದನ್ನು ರಿಪೇರಿ ಮಾಡುದಕ್ಕಿಂತ ಗುಜರಿಗೆ ಕೊಡುದು ಒಳ್ಳೇದು ಅಚ್ಚುತಣ್ಣ,” ಅಂದ ಉದಯ. “ಇನ್ನು ಮೂರು ವಾರಕ್ಕೆ, ಶನಿವಾರ ಪುತ್ತೂರಿನಲ್ಲಿ ಇನ್‌ಸ್ಪೆಕ್ಷನ್. ಬ್ರೇಕ್ ನಿಲ್ಲದಿದ್ರೆ ರಿಜಿಸ್ಟ್ರೇಷನ್ ರಿನ್ಯೂ ಮಾಡುದಿಲ್ಲ. ಅಪ್ಪ ನಂಗೆ ಮಾತು ಕೊಟ್ಟಿದ್ದಾರೆ. ಪಾಸಾದ್ರೆ ಇಟ್ಕೊಳ್ಳುದು, ಫೇಲಾದ್ರೆ ಗುಜರಿ. ಗುಜರಿಯವನಿಗೂ ಹೇಳಿ ಇಟ್ಟಿದ್ದೇನೆ.”

“ಬ್ರೇಕ್ ಶೂ ಬಿಚ್ಚಿ ತನ್ನಿ, ಲೈನರ್ ಹೊಡೆದು ಕೊಡ್ತೇವೆ,” ಅಂದ ಅಚ್ಚುತ. “ಕಾರಿಗೆ ಕೂಡಿಸ್ಲಿಕ್ಕೆ ಮಾತ್ರ ಪುತ್ತೂರಿಗೆ ಹೋಗ್ಬೇಕಾದೀತು.”

“ಪುತ್ತೂರಿಗೆ ಎಂತಕ್ಕೆ?” ಗೌಡರು ಅಂಗಡಿಯ ಒಳಗೆ ನೋಡಿದರು. “ಸುಂದರಿ ಇಲ್ವಾ?”

ಒಳಗೆ ಸುಂದರಿ ಸುತ್ತಿಗೆ ಹಿಡಿದು ಕುಳಿತಿದ್ದಳು. ಏಟು ಅರ್ಧಕ್ಕೆ ನಿಂತಿತು.

ಆ ಅಂಗಡಿ ಕುಂಬ್ರಕ್ಕೆ ಬಂದು ಮೂವತ್ತೆರಡು ವರ್ಷ. ಲಾರಿ, ಬಸ್ಸು, ಜೀಪು, ಯಾವುದರ ಬ್ರೇಕ್ ಸವೆದರೂ ಜನ ಅಚ್ಚುತನನ್ನು ಕೇಳಿಕೊಂಡು ಬರುತ್ತಿದ್ದರು. ಹಳೇ ಗಾಡಿಗಳ ಚಕ್ರದ ಒಳಗೆ ಮಗುಚಿ ಹಾಕಿದ ಬಾಣಲೆಯ ಹಾಗೆ ಒಂದು ಕಬ್ಬಿಣದ ಡ್ರಮ್ಮು ಇರುತ್ತದೆ. ಅದರೊಳಗೆ ಎರಡು ಬಿಲ್ಲಿನಂಥ ಶೂ. ಶೂವಿನ ಬೆನ್ನಿಗೆ ಲೈನರ್ ಎಂಬ ಒರಟು ಪಟ್ಟಿ. ಪೆಡಲ್ ತುಳಿದರೆ ಎಣ್ಣೆ ಹೋಗಿ ಶೂವನ್ನು ಹೊರಗೆ ದೂಡುತ್ತದೆ, ಲೈನರ್ ಡ್ರಮ್ಮಿಗೆ ಉಜ್ಜಿ ಗಾಡಿ ನಿಲ್ಲುತ್ತದೆ. ಸವೆದ ಲೈನರನ್ನು ತೆಗೆದು ಹೊಸತನ್ನು ಹಿತ್ತಾಳೆಯ ರಿವೆಟ್ ಮೊಳೆ ಹೊಡೆದು ಕೂರಿಸುವುದೇ ಅವರ ಕೆಲಸ.

ಸುಂದರಿ ಐದನೇ ಕ್ಲಾಸಿನವರೆಗೆ ಓದಿದವಳು. ಮದುವೆಯ ಮೊದಲು ಬೀಡಿ ಕಟ್ಟುತ್ತಿದ್ದಳು. ಅಂಗಡಿಗೆ ಗಂಜಿ ತಂದವಳು ಮೊದಲು ಶೂ ಹಿಡಿದುಕೊಟ್ಟಳು, ಆಮೇಲೆ ರಿವೆಟ್ ಹೊಡೆದಳು. ಬೀಡಿಗೆ ನೂಲು ಸುತ್ತಿದ ಬೆರಳು, ತಪ್ಪು ಮಾಡುತ್ತಿರಲಿಲ್ಲ. ರಿವೆಟನ್ನು ನಡುವಿನಿಂದ ಶುರು ಮಾಡಿ ಎರಡೂ ಬದಿಗೆ ಹೊಡೆಯಬೇಕು, ತುದಿಯಿಂದ ಶುರು ಮಾಡಿದರೆ ಲೈನರ್ ನಡುವೆ ಉಬ್ಬಿ ನಿಲ್ಲುತ್ತದೆ. ಹೊಡೆದು ಮುಗಿದ ಮೇಲೆ ಅವಳು ಡಬ್ಬದಿಂದ ಒಂದು ಬೀಡಿ ಎಲೆಯ ಚೂರು ತೆಗೆದು ಲೈನರಿಗೂ ಶೂವಿಗೂ ನಡುವೆ ತೂರಿಸಿ ನೋಡುತ್ತಿದ್ದಳು. ಎಲೆ ಒಳಗೆ ಹೋದರೆ ಎಲ್ಲ ಬಿಚ್ಚಿ ಮೊದಲಿನಿಂದ. ಇಂಥ ಪರೀಕ್ಷೆ ಎಲ್ಲಿಯೂ ಇಲ್ಲ, ಅವಳೇ ಮಾಡಿಕೊಂಡದ್ದು.

ಎರಡು ವರ್ಷದ ಹಿಂದೆ ಅಚ್ಚುತನ ಬಲಭಾಗಕ್ಕೆ ವಾತ ಬಡಿಯಿತು. ನಡೆದಾಡುವಷ್ಟು ಆದ, ಬಲಗೈ ಮಾತ್ರ ಸ್ಪಾನರ್ ಹಿಡಿಯಲಿಲ್ಲ. ಲೈನರ್ ಹೊಡೆಯಲಿಕ್ಕೆ ಸುಂದರಿ ಆದೀತು, ಗಾಡಿಯ ಅಡಿಗೆ ನುಗ್ಗಿ ಬ್ರೇಕ್ ಕೂಡಿಸಲಿಕ್ಕೆ ಗಂಡಸೇ ಬೇಕು ಎಂದು ಊರೇ ತೀರ್ಮಾನ ಮಾಡಿತು. ಯಾರಾದರೂ ಬಂದು, “ಬ್ರೇಕ್ ಮಾಡುವವರು ಉಂಟಾ?” ಎಂದು ಕೇಳಿದರೆ ಅಚ್ಚುತ ತನ್ನ ಕೈ ನೋಡಿಕೊಂಡು, “ಇಲ್ಲ, ಪುತ್ತೂರಿಗೆ ಹೋಗಿ,” ಅನ್ನುತ್ತಿದ್ದ. ಸುಂದರಿ ಒಳಗೆ ಕುಳಿತು ಆ ‘ಇಲ್ಲ’ವನ್ನು ಕೇಳುತ್ತಿದ್ದಳು. ಮೂವತ್ತು ವರ್ಷ ಗಂಡನ ಪಕ್ಕದಲ್ಲಿ ಮಲಗಿ ಗಾಡಿಯ ಹೊಟ್ಟೆ ನೋಡಿದವಳು ಅವಳು. ನಾನು ಇದ್ದೇನೆ ಎಂದು ಹೇಳಬೇಕು ಅನಿಸುತ್ತಿತ್ತು. ಹೇಳಿರಲಿಲ್ಲ.

ಈಗ ಗೌಡರು ಹೇಳಿದರು. “ನನ್ನ ಜೀಪಿಗೆ ನೀನು ಹೊಡೆದ ಲೈನರ್ ಎಂಟು ವರ್ಷ ಬಂತು. ಇದನ್ನು ಪೂರ್ತಿ ನೀನೇ ಮಾಡು. ಆಗ್ತದಾ, ಆಗುದಿಲ್ವಾ?”

“ಆಗ್ತದೆ,” ಅಂದಳು ಸುಂದರಿ.

“ಅಪ್ಪಾ!” ಅಂದ ಉದಯ.

“ನೀನು ಸುಮ್ನಿರು. ಕಾರು ನಂದು, ಜೀವ ನಂದು.”

ಅವರು ಕಾರು ಬಿಟ್ಟು ಹೋದ ಮೇಲೆ ಅಚ್ಚುತ ಎದ್ದು ಒಳಗೆ ಬಂದ. ಆಮೇಲೆ ಮೆಲ್ಲಗೆ ಅಂದ: “ಸುಂದರಿ, ಇದು ಹಾಳಾದ್ರೆ ನಾಳೆಯಿಂದ ಲೈನರ್ ಹೊಡೀಲಿಕ್ಕೂ ಯಾರೂ ಬರುದಿಲ್ಲ.”

“ಗೊತ್ತುಂಟು. ನೀವು ಆ ಜಾಕ್ ಎಲ್ಲಿ ಇಟ್ಟಿದ್ದೀರಿ ಹೇಳಿ.”

ಹತ್ತು ದಿನದ ಕೆಲಸ. ನಾಲ್ಕೂ ಡ್ರಮ್ಮು ತೆಗೆದಾಗ ಒಳಗೆ ಉಳುಮೆಯ ಸಾಲಿನ ಹಾಗೆ ಗೆರೆ ಬಿದ್ದಿತ್ತು. ಲೇತಿಗೆ ಕೊಟ್ಟು ಒಳಮೈ ನಯ ಮಾಡಿಸಿದಳು. ಹಳೇ ಧೂಳು ಉಸಿರಿಗೆ ಹೋಗದಂತೆ ಊದದೆ ನೀರು ಹಾಕಿ ತೊಳೆದಳು. ಎಣ್ಣೆ ಸೋರದಂತೆ ತಡೆಯುವ ರಬ್ಬರುಗಳನ್ನು ಹೊಸತು ಹಾಕಿ ಹೊಸ ಬ್ರೇಕ್ ಆಯಿಲ್ ತುಂಬಿದಳು. ಎಂಟು ಶೂವಿಗೆ ಹೊಸ ಲೈನರ್ ಹೊಡೆದಳು, ಎಂಟಕ್ಕೂ ಬೀಡಿ ಎಲೆ ಹಿಡಿದು ನೋಡಿದಳು, ಎಂಟರಲ್ಲೂ ಎಲೆ ಒಳಗೆ ಹೋಗಲಿಲ್ಲ. ಡ್ರಮ್ಮಿನ ಒಳಗೆ ಸೀಮೆಸುಣ್ಣ ಬಳಿದು ಶೂ ತಾಗಿಸಿ ತಿರುಗಿಸಿದಳು. ಸುಣ್ಣ ಹತ್ತಿದ ಉಬ್ಬನ್ನು ಮಾತ್ರ ಉಜ್ಜಿ ತೆಗೆದಳು. ಶೂವಿನ ಇಡೀ ಬೆನ್ನು ಬೆಳ್ಳಗಾಗುವವರೆಗೆ ಬಿಡಲಿಲ್ಲ. ಅಚ್ಚುತ ಕುರ್ಚಿಯಲ್ಲಿ ಕುಳಿತು, “ಸಾಕು ಮಾರಾಯ್ತಿ, ಕಾರಿಗೆ ಹಾಕುದು, ವಿಮಾನಕ್ಕೆ ಅಲ್ಲ,” ಅನ್ನುತ್ತಿದ್ದ.

ಗೌಡರ ಮನೆಗೆ ಹೋಗುವ ದಾರಿ ಒಂದು ಕಡಿದಾದ ಇಳಿಜಾರು, ಕೊನೆಗೆ ಅಂಗಳ. ಕಾರು ತಲುಪಿಸಿದ ದಿನ ಆ ಇಳಿಜಾರಿನ ನಡುವೆ ಗೌಡರು ಒಂದೇ ಸಲ ಬ್ರೇಕ್ ತುಳಿದರು. ಕಾರು ನಿಂತಿತು. ಗೌಡರು ಮತ್ತೆ ಮೇಲೆ ಹೋಗಿ ಮತ್ತೆ ಇಳಿದು ಮತ್ತೆ ತುಳಿದರು. ಹೀಗೆ ಐದು ಸಲ. ಹೆಂಡತಿ ಬಂದು ಊಟಕ್ಕೆ ಕರೆದ ಮೇಲೆಯೇ ಇಳಿದದ್ದು.

ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಇನ್‌ಸ್ಪೆಕ್ಷನ್ನಿಗೆ ಮೂರು ದಿನ ಇರುವಾಗ, ಬುಧವಾರ ಬೆಳಿಗ್ಗೆ, ಉದಯನ ಫೋನು ಬಂತು.

“ಸುಂದರಕ್ಕ, ಎಂತ ಮಾಡಿ ಇಟ್ಟಿದ್ದೀರಿ ನೀವು? ಕಾರು ಅಲ್ಲಾಡುದಿಲ್ಲ. ಅಪ್ಪ ಸುಳ್ಯಕ್ಕೆ ಹೊರಟದ್ದು, ಅರ್ಧ ದಾರಿಯಲ್ಲಿ ಚಕ್ರದಿಂದ ಹೊಗೆ. ಡ್ರಮ್ಮಿಗೆ ನೀರು ಬಿದ್ರೆ ಚುಂಯ್ ಅಂತದೆ. ಹೇಗೋ ಮನೆಗೆ ತಂದದ್ದು. ನಾನು ಮೊದಲೇ ಹೇಳಿದ್ದೆ.”

ಸುಂದರಿ ಸ್ಪಾನರನ್ನೂ ಬ್ರೇಕ್ ಆಯಿಲಿನ ಬಾಟಲಿಯನ್ನೂ ಚೀಲಕ್ಕೆ ಹಾಕಿದಳು. “ಮುಟ್ಬೇಡಿ. ಬರ್ತೇನೆ,” ಅಂದಳು.

ಬಸ್ಸಿನಲ್ಲಿ ಕುಳಿತು ಅವಳು ತಾನು ಮಾಡಿದ ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ ಮನಸ್ಸಿನಲ್ಲೇ ಬಿಚ್ಚಿ ಜೋಡಿಸಿದಳು. ಕಾವು ಎಂಬ ಊರು ದಾಟುವಾಗ ಮುಂದಿನ ಚಕ್ರ ಮುಗಿಯಿತು, ಜಾಲ್ಸೂರು ದಾಟುವಾಗ ಹಿಂದಿನದ್ದು. ತಪ್ಪು ಸಿಗಲಿಲ್ಲ. ಪಕ್ಕದಲ್ಲಿ ಅಚ್ಚುತ, “ಶೂ ಟೈಟ್ ಇಟ್ಟಿಯಾ?” ಎಂದು ಒಂದೇ ಸಲ ಕೇಳಿದ. “ಇಲ್ಲ,” ಅಂದಳು.

ಅಂಗಳದಲ್ಲಿ ಗೌಡರು ಕೈ ಹಿಂದೆ ಕಟ್ಟಿ ನಿಂತಿದ್ದರು, ಮುಖದಲ್ಲಿ ನಗು ಇರಲಿಲ್ಲ. ಉದಯ ಗುಜರಿಯವನ ಜೊತೆ ಫೋನಿನಲ್ಲಿದ್ದ. ಸುಂದರಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಒಂದೊಂದೇ ಚಕ್ರವನ್ನು ಜಾಕಿನಲ್ಲಿ ಎತ್ತಿ ತಿರುಗಿಸಿ ನೋಡಿದಳು. ನಾಲ್ಕೂ ಕಲ್ಲಿನ ಹಾಗೆ ಹಿಡಿದಿದ್ದವು. ಒಂದು ಹಿಡಿದರೆ ತನ್ನ ತಪ್ಪು ಇರಬಹುದು. ನಾಲ್ಕೂ ಒಟ್ಟಿಗೆ ಹಿಡಿಯುವುದು ಹೇಗೆ?

ಒಂದು ಚಕ್ರದ ಹಿಂದೆ ಎಣ್ಣೆ ಬಿಡುವ ನಿಪ್ಪಲನ್ನು ಸ್ಪಾನರಿನಿಂದ ಒಂಚೂರು ಸಡಿಲ ಮಾಡಿದಳು. ಎಣ್ಣೆ ಚಿಳ್ಳೆಂದು ಹಾರಿತು. ಚಕ್ರ ತಿರುಗಿತು. ಉಳಿದ ಮೂರನ್ನು ನೋಡಿದಳು. ಅವೂ ತಿರುಗಿದವು.

“ಶೂ ಅಲ್ಲ,” ಅಂದಳು. “ತುಳಿದಾಗ ಮುಂದೆ ಹೋದ ಎಣ್ಣೆ, ಬಿಟ್ಟಾಗ ಹಿಂದೆ ಬರುದಿಲ್ಲ. ಒಳಗೆ ರಬ್ಬರ್ ಊದಿ ದಾರಿ ಮುಚ್ಚಿದೆ.”

“ಹೊಸ ರಬ್ಬರ್ ಹಾಕಿದ್ದು ನೀವೇ ಅಲ್ವಾ?” ಅಂದ ಉದಯ.

ಅವಳು ಬೆರಳಿಗೆ ಹತ್ತಿದ ಎಣ್ಣೆಯನ್ನು ಮೂಸಿದಳು. “ಗೌಡ್ರೆ, ಎರಡು ಗ್ಲಾಸ್ ನೀರು ಬೇಕಿತ್ತು.”

ನೀರು ಬಂತು. ಒಂದು ಗ್ಲಾಸಿಗೆ ತನ್ನ ಚೀಲದ ಬಾಟಲಿಯಿಂದ ಬ್ರೇಕ್ ಆಯಿಲ್ ಬಿಟ್ಟು ಕಡ್ಡಿಯಿಂದ ಕಲಕಿದಳು. ನೀರಿನಲ್ಲಿ ಬೆಲ್ಲ ಕರಗಿದ ಹಾಗೆ ಕರಗಿ ಹೋಯಿತು. “ಇದು ನಾನು ಹಾಕಿದ್ದು. ನೀರಿಗೆ ಸೇರ್ತದೆ.” ಕಾರಿನ ಬ್ರೇಕ್ ಆಯಿಲಿನ ಡಬ್ಬದಿಂದ ತೆಗೆದದ್ದನ್ನು ಇನ್ನೊಂದು ಗ್ಲಾಸಿಗೆ ಬಿಟ್ಟು ಕಲಕಿದಳು. ಎಷ್ಟು ಕಲಕಿದರೂ ಮೇಲೆ ಕೆಂಪು ಪದರ ತೇಲಿ ನಿಂತಿತು, ಮೀನು ಸಾರಿನ ಮೇಲೆ ಎಣ್ಣೆ ನಿಂತ ಹಾಗೆ. “ಇದು ಯಾರು ಹಾಕಿದ್ದು?”

ಗೌಡರು ಗ್ಲಾಸನ್ನೂ ಮಗನನ್ನೂ ನೋಡಿದರು. ಮಗ ತಲೆ ಅಲ್ಲಾಡಿಸಿದ.

ಆಗಲೇ ಇಳಿಜಾರಿನಿಂದ ಪಕ್ಕದ ಮನೆಯ ತ್ಯಾಂಪಣ್ಣ ಲಾಡಿನ ಪೊಟ್ಟಣ ಹಿಡಿದು ಇಳಿದು ಬಂದ. ಹಿಂದಿನ ಭಾನುವಾರ ಅವನ ಮಗಳು ಪ್ರೀತಿಕಾಳ ಮದುವೆಯಾಗಿತ್ತು. ಮದುಮಕ್ಕಳನ್ನು ಹಳೇ ಕಾರಿನಲ್ಲೇ ಕರೆತರಬೇಕೆಂದು ಹಟ ಮಾಡಿ ಗೌಡರ ಫಿಯೆಟ್ ಕೇಳಿ ಪಡೆದಿದ್ದ, ಸೋಮವಾರ ಹಿಂದೆ ತಂದು ಬಿಟ್ಟಿದ್ದ.

“ಓ, ಎಲ್ಲರೂ ಇದ್ದೀರಿ! ಲಾಡು ತಕ್ಕೊಳ್ಳಿ. ಏನು ಕಾರು ಮಾರಾಯ್ರೆ ಅದು, ಸುಳ್ಯದಲ್ಲಿ ಮದುಮಗನನ್ನು ಬಿಟ್ಟು ಕಾರಿನ ಫೋಟೋ ತೆಗೆದದ್ದು ಜನ!” ತ್ಯಾಂಪಣ್ಣ ಅಲ್ಲಿದ್ದ ಎಲ್ಲರ ಮುಖ ನೋಡಿದ. “ಎಂತ ಆಯ್ತು?”

“ಬ್ರೇಕ್ ಹಿಡೀತಾ ಉಂಟು,” ಅಂದರು ಗೌಡರು.

“ಛೆ! ನಾನು ಎಷ್ಟು ಚಂದ ಮಾಡಿ ತಂದು ಕೊಟ್ಟದ್ದು. ತೊಳೆದು, ಉಜ್ಜಿ, ಪೆಟ್ರೋಲ್ ಫುಲ್ ಮಾಡಿ, ಎಣ್ಣೆ ಎಲ್ಲಾ ತುಂಬಿಸಿ...”

ಸುಂದರಿ ಕಡ್ಡಿ ಕೆಳಗಿಟ್ಟಳು. “ಯಾವ ಎಣ್ಣೆ ತ್ಯಾಂಪಣ್ಣ?”

“ಇಂಜಿನ್ನಿಗೆ ಇಂಜಿನ್ ಆಯಿಲ್. ಪಕ್ಕದಲ್ಲಿ ಒಂದು ಸಣ್ಣ ಡಬ್ಬ, ಅದರಲ್ಲಿ ಬೆರಳಿನಷ್ಟು ಕಮ್ಮಿ ಇತ್ತು. ಅದಕ್ಕೂ ಹಾಕಿದೆ.”

“ಎಂತ ಹಾಕಿದ್ರಿ?”

“ಹುಲ್ಲು ಕತ್ತರಿಸುವ ಮಿಶನಿಗೆ ಹಾಕುದು. ಪೆಟ್ರೋಲಿಗೆ ಬೆರೆಸುವ ಟೂ-ಟಿ ಆಯಿಲ್. ಒಳ್ಳೆ ಕಂಪೆನಿದು.”

ಆ ಕಡೆ ಒಂದು ಕ್ರಮ ಇದೆ. ಹುಲ್ಲಿನ ಮಿಶನ್ ಇರಲಿ, ಅಡಿಕೆ ಮರಕ್ಕೆ ಮದ್ದು ಬಿಡುವ ಪಂಪು ಇರಲಿ, ನೆರೆಮನೆಯಿಂದ ತಂದದ್ದನ್ನು ಬರಿದು ಮಾಡಿ ಹಿಂದೆ ಕೊಡಬಾರದು. ಎಣ್ಣೆ ತುಂಬಿಸಿಯೇ ಕೊಡಬೇಕು. ತ್ಯಾಂಪಣ್ಣ ಆ ಕ್ರಮವನ್ನು ಒಂದು ಬೆರಳು ಹೆಚ್ಚೇ ಪಾಲಿಸಿದ್ದ. ಬ್ರೇಕಿನ ರಬ್ಬರಿಗೆ ಆ ಎಣ್ಣೆ ವಿಷ. ಬಿದ್ದರೆ ಎರಡು ದಿನದಲ್ಲಿ ನೀರಲ್ಲಿ ನೆನೆಸಿದ ಕಡಲೆಯ ಹಾಗೆ ಊದುತ್ತದೆ.

ಗೌಡರು ಕೆಂಪು ಪದರದ ಗ್ಲಾಸನ್ನು ಎತ್ತಿ ತ್ಯಾಂಪಣ್ಣನ ಮೂಗಿನ ಹತ್ತಿರ ಹಿಡಿದರು. ತ್ಯಾಂಪಣ್ಣ ಮೂಸಿದ. ಅವನ ಕೈಯಲ್ಲಿದ್ದ ಪೊಟ್ಟಣ ಜಾರಿ ಒಂದು ಲಾಡು ಕಾರಿನ ಅಡಿಗೆ ಉರುಳಿತು.

“ಅಯ್ಯೋ... ನನ್ನ ಕೈ ಕಡೀಬೇಕು.”

ಸುಂದರಿ ಬೈಯಬಹುದಿತ್ತು. ಅವಳು ಬೈಯಲಿಲ್ಲ. “ತುಂಬಿಸಿ ಕೊಟ್ಟದ್ದು ತಪ್ಪಲ್ಲ ತ್ಯಾಂಪಣ್ಣ. ಕೇಳದೆ ತುಂಬಿಸಿದ್ದು ತಪ್ಪು. ಈಗ ಆ ಲಾಡು ತೆಗೀರಿ, ನಂಗೆ ಅಡಿಗೆ ಹೋಗ್ಲಿಕ್ಕೆ ಉಂಟು.” ಆಮೇಲೆ ಉದಯನ ಕಡೆ ತಿರುಗಿದಳು. “ಗುಜರಿಯವನಿಗೆ ಶನಿವಾರದವರೆಗೆ ಕಾಯ್ಲಿಕ್ಕೆ ಹೇಳಿ.”

“ಎರಡು ದಿನದಲ್ಲಿ ಆಗ್ತದಾ ಸುಂದರಕ್ಕ?” ಉದಯನ ದನಿ ತಗ್ಗಿತ್ತು.

“ಆಗ್ಬೇಕು.”

ಹೊಸ ರಬ್ಬರ್ ಹಾಕಿದರೆ ಮಾತ್ರ ಸಾಲದು, ಎಣ್ಣೆ ಓಡಿದ ಜಾಗವೆಲ್ಲ ತೊಳೆಯಬೇಕು. ಒಂದು ಹನಿ ಉಳಿದರೂ ಮತ್ತೆ ಅದೇ ಪಾಡು. ಪುತ್ತೂರಿನಲ್ಲಿ ಬಿಡಿಭಾಗ ಮಾರುವ ಕಲಂದರಿಗೆ ಸುಂದರಿ ಫೋನ್ ಮಾಡಿದಳು.

“ಫಿಯೆಟ್ಟಿನ ರಬ್ಬರಾ? ಮೊನ್ನೆ ತಾನೇ ತಕ್ಕೊಂಡು ಹೋದದ್ದಲ್ವಾ ನೀವು? ತಿಂದ್ರಾ?”

“ತ್ಯಾಂಪಣ್ಣ ಊದಿಸಿದ್ರು. ಚಕ್ರಕ್ಕೆ ಎಣ್ಣೆ ಹೋಗುವ ರಬ್ಬರಿನ ಹೋಸ್ ಪೈಪೂ ಬೇಕು. ಕಲಂದರಾಕ, ನಾಳೆ ಬೆಳಿಗ್ಗೆಯ ಬಸ್ಸಿಗೆ ಕೊಡ್ತೀರಾ?”

“ರಬ್ಬರ್ ನಾಳೆ ಕೊಡ್ತೇನೆ. ಹೋಸ್ ಪೈಪ್ ಮಂಗಳೂರಿನಿಂದ ಬರ್ಬೇಕು. ಶುಕ್ರವಾರ ಮಧ್ಯಾಹ್ನದ ಬಸ್ಸಿಗೆ ಖಂಡಿತ.”

ಗುರುವಾರ ಇಡೀ ದಿನ ಸುಂದರಿ ಕಾರಿನ ಅಡಿಯಲ್ಲಿದ್ದಳು. ಎಲ್ಲ ಪೈಪನ್ನು ಬಿಚ್ಚಿ ಸ್ಪಿರಿಟ್ ಹಾಕಿ ತೊಳೆದಳು, ತೊಳೆದದ್ದನ್ನು ಗ್ಲಾಸಿನ ನೀರಿಗೆ ಬಿಟ್ಟು ನೋಡಿದಳು. ಮೊದಲ ಸಲ ಕೆಂಪು ಕಂಡಿತು. ಎರಡನೇ ಸಲ ಎಳೆ ಕೆಂಪು. ಐದನೇ ಸಲ ಗ್ಲಾಸು ತಿಳಿಯಾಯಿತು. ಅವಳು ಆರನೇ ಸಲವೂ ತೊಳೆದು, ಬಸ್ಸಿನಲ್ಲಿ ಬಂದ ಹೊಸ ರಬ್ಬರ್ ಹಾಕಿದಳು. ಬಿಸಿಗೆ ಗಾಜಿನ ಹಾಗೆ ಹೊಳೆಯುತ್ತಿದ್ದ ಲೈನರಿನ ಮೈಯನ್ನು ಉಪ್ಪು ಕಾಗದದಿಂದ ಉಜ್ಜಿ ಒರಟು ಮಾಡಿದಳು. ಒಂದೇ ಒಂದು ರಿವೆಟ್ ಸಡಿಲವಾಗಿರಲಿಲ್ಲ.

ಹೋಸ್ ಪೈಪು ಬರುವ ಬಸ್ಸಿಗೆ ಶುಕ್ರವಾರ ಬೆಳಿಗ್ಗೆ ಹತ್ತರಿಂದಲೇ ತ್ಯಾಂಪಣ್ಣ ಮಾರ್ಗದ ಬದಿಯಲ್ಲಿ ಕೊಡೆ ಹಿಡಿದು ನಿಂತ. ಬಸ್ಸು ಬರುವುದು ಒಂದೂವರೆಗೆ. ಹೆಂಡತಿ ಕರೆದರೂ ಊಟಕ್ಕೆ ಹೋಗಲಿಲ್ಲ. ಕಂಡಕ್ಟರ್ ಪಾರ್ಸೆಲ್ ಚಾಚಿದ ಕೂಡಲೇ ಕಿತ್ತುಕೊಂಡು ಇಳಿಜಾರಿನಲ್ಲಿ ಓಡಿ ಬಂದ.

“ಏ ತ್ಯಾಂಪ, ಮೆಲ್ಲ ಮೆಲ್ಲ! ನಿಂಗೂ ಬ್ರೇಕ್ ಇಲ್ವಾ?” ಎಂದು ಗೌಡರು ಕೂಗಿದರು. ಮೂರು ದಿನದಲ್ಲಿ ಆ ಅಂಗಳದಲ್ಲಿ ಮೊದಲ ಸಲ ನಗು ಕೇಳಿತು.

ಕೊನೆಗೆ ಉಳಿದದ್ದು ಪೈಪಿನ ಒಳಗಿನ ಗಾಳಿ ತೆಗೆಯುವ ಕೆಲಸ. ಅದಕ್ಕೆ ಇಬ್ಬರು ಬೇಕು. ಒಬ್ಬರು ಪೆಡಲ್ ತುಳಿದು ಹಿಡಿಯಬೇಕು, ಇನ್ನೊಬ್ಬರು ಚಕ್ರದ ಹಿಂದೆ ನಿಪ್ಪಲ್ ಬಿಚ್ಚಿ ಮುಚ್ಚಬೇಕು. ಉದಯ ಸೀಟಿಗೆ ಹತ್ತಲು ಹೋದ. ಅಚ್ಚುತ ತಡೆದ. “ಎಡಗಾಲು ಸರಿ ಉಂಟು ನಂಗೆ,” ಎಂದು ತಾನೇ ಹತ್ತಿ ಕುಳಿತ.

“ತುಳೀರಿ!” ಎಂದು ಕೆಳಗಿನಿಂದ ಸುಂದರಿ ಕೂಗಿದಳು. “ಹಿಡೀರಿ... ಬಿಡಿ. ತುಳೀರಿ!”

“ಮೂವತ್ತು ವರ್ಷ ನಾನು ಕೂಗಿದ್ದು, ನೀನು ತುಳಿದದ್ದು,” ಅಂದ ಅಚ್ಚುತ. “ಈಗ ನೀನು ಕೂಗುದು, ನಾನು ತುಳಿಯುದು.”

“ಹಾಗಾದ್ರೆ ನಿಮ್ಗೆ ಇನ್ನು ಇಪ್ಪತ್ತೊಂಬತ್ತು ವರ್ಷ ಮುನ್ನೂರ ಅರವತ್ತನಾಲ್ಕು ದಿನ ಬಾಕಿ ಉಂಟು. ತುಳೀರಿ!”

ಗುಳ್ಳೆ ಗುಳ್ಳೆಯಾಗಿ ಬರುತ್ತಿದ್ದ ಎಣ್ಣೆ ಕೊನೆಗೆ ಒಂದೇ ನೂಲಾಗಿ ಇಳಿಯಿತು. ಪೆಡಲ್ ಅಚ್ಚುತನ ಪಾದದಡಿ ಗಟ್ಟಿಯಾಗಿ ನಿಂತಿತು. ಅವನು ಕಾಲು ತೆಗೆಯದೆ ಸ್ವಲ್ಪ ಹೊತ್ತು ಹಾಗೇ ಕುಳಿತ. “ಸುಂದರಿ,” ಅಂದ. “ಇಷ್ಟು ಗಟ್ಟಿ ಪೆಡಲ್ ನಾನೂ ಮಾಡಿರ್ಲಿಲ್ಲ.”

ಶನಿವಾರ ಪುತ್ತೂರಿನ ಮೈದಾನದಲ್ಲಿ ಸಾಲಿನಲ್ಲಿ ಬೇರೆ ಹದಿನಾರು ಗಾಡಿಗಳಿದ್ದವು. ಉದಯ ತಾನು ಓಡಿಸುತ್ತೇನೆ ಅಂದರೆ ಗೌಡರು ಕೇಳಲಿಲ್ಲ. ಇನ್‌ಸ್ಪೆಕ್ಟರ್ ಗೌಡರ ಪಕ್ಕ ಕುಳಿತು, “ಮೂವತ್ತರಲ್ಲಿ ಹೋಗಿ, ನಾನು ಹೇಳಿದಾಗ ಪೂರ್ತಿ ತುಳಿಯಿರಿ,” ಅಂದರು.

ಸುಂದರಿ ಬೇಲಿಯ ಹತ್ತಿರ ನಿಂತಳು. ಫಿಯೆಟ್ ದೂರದಿಂದ ಕೆಮ್ಮುತ್ತಾ ಬಂತು. ಕಾರಿನ ಒಳಗೆ ಇನ್‌ಸ್ಪೆಕ್ಟರ ಕೈ ಮೇಲೆದ್ದದ್ದು ಕಂಡಿತು. ಅವಳ ಬಲಗಾಲು ತಾನಾಗಿ ನೆಲವನ್ನು ಒತ್ತಿತು.

ಧೂಳು ಎದ್ದಿತು. ಕಾರು ಕಾಣಲಿಲ್ಲ. ಧೂಳು ಕೆಳಗೆ ಕುಳಿತಾಗ ಫಿಯೆಟ್ ಮೂಗು ಒಂಚೂರೂ ವಾಲದೆ ನೇರವಾಗಿ ನಿಂತಿತ್ತು. ಹಿಂದೆ ಕೆಂಪು ಮಣ್ಣಿನಲ್ಲಿ ಚಕ್ರ ಉಜ್ಜಿದ ಗೀರುಗಳಿದ್ದವು. ಇನ್‌ಸ್ಪೆಕ್ಟರ್ ಇಳಿದು ಬಂದು ಗೀರಿನ ಉದ್ದಕ್ಕೂ ಹೆಜ್ಜೆ ಹಾಕಿದರು. ಎಡಗಡೆ ಏಳು ಹೆಜ್ಜೆ. ಬಲಗಡೆ ಏಳು ಹೆಜ್ಜೆ. ಮತ್ತೊಮ್ಮೆ ಹೋಗಿ ನೋಡಿದರು.

“ಎರಡೂ ಕಡೆ ಒಂದೇ,” ಅಂದರು. “ಈ ವಯಸ್ಸಿನ ಕಾರಿನಲ್ಲಿ ಹೀಗೆ ನಾನು ನೋಡ್ಲಿಲ್ಲ. ಬ್ರೇಕ್ ಮಾಡಿದ್ದು ಯಾರು?”

ಗೌಡರು ಬಾಯಿ ತೆರೆಯುವ ಮೊದಲೇ ಉದಯ ಹೇಳಿದ. “ಕುಂಬ್ರದ ಸುಂದರಕ್ಕ. ಅದೋ, ಅಲ್ಲಿ ನಿಂತಿದ್ದಾರಲ್ಲ, ಅವರು.”

ಸಾಲಿನಲ್ಲಿ ನಿಂತ ಹದಿನಾರು ಗಾಡಿಯವರೂ ಬೇಲಿಯ ಕಡೆ ತಿರುಗಿದರು. ಸುಂದರಿಗೆ ಕೈ ಎಲ್ಲಿಡಬೇಕು ತಿಳಿಯಲಿಲ್ಲ. ಸೆರಗಿನಿಂದ ಬೆರಳಿನ ಮಸಿ ಒರೆಸಿಕೊಂಡಳು. ಗೌಡರು ಕಾರಿನಿಂದಲೇ ಹಾರ್ನ್ ಬಾರಿಸಿದರು. “ಉದಯಾ, ಗುಜರಿಯವನಿಗೆ ಫೋನ್ ಮಾಡು. ಅವನ ಗಾಡಿಗೆ ಬ್ರೇಕ್ ಇಲ್ಲದಿದ್ರೆ ಕುಂಬ್ರಕ್ಕೆ ಹೋಗ್ಲಿಕ್ಕೆ ಹೇಳು!”

ತ್ಯಾಂಪಣ್ಣ ಆ ಸಂಜೆಯೇ ತನ್ನ ಶೆಡ್ಡಿನ ಬಾಟಲಿಗಳಿಗೆಲ್ಲ ಪೈಂಟಿನಲ್ಲಿ ಹೆಸರು ಬರೆದನಂತೆ. ತೆಂಗಿನೆಣ್ಣೆಯ ಬಾಟಲಿಯನ್ನೂ ಬಿಡಲಿಲ್ಲವಂತೆ.

ಸೋಮವಾರ ಬೆಳಿಗ್ಗೆ ಕಾಣಿಯೂರಿನಿಂದ ಒಂದು ಹಳೇ ಜೀಪು ಬಂತು. ಓಡಿಸುತ್ತಿದ್ದವನು ತಲೆ ಹೊರಗೆ ಹಾಕಿ ಕೇಳಿದ: “ಬ್ರೇಕ್ ಮಾಡುವವರು ಉಂಟಾ?”

ಒಳಗೆ ಸುಂದರಿಯ ಸುತ್ತಿಗೆ ನಿಂತಿತು.

“ಉಂಟು,” ಅಂದ ಅಚ್ಚುತ. “ಕೂತ್ಕೊಳ್ಳಿ. ಒಳಗೆ ರಿವೆಟ್ ಹೊಡೀತಾ ಇದ್ದಾಳೆ, ಈಗ ಬರ್ತಾಳೆ.” ಆಮೇಲೆ ಕುರ್ಚಿಯಿಂದ ಎದ್ದು, ಕುಂಟುತ್ತಾ ಜೀಪಿನ ಹತ್ತಿರ ಹೋಗಿ ಬಾಗಿಲು ತೆರೆದ. “ಇಳೀರಿ ನೀವು. ಪೆಡಲ್ ತುಳಿಯುದು ನನ್ನ ಕೆಲಸ.”